ಹತ್ತನೆಯವರು ಬೇಕಾಗಿದ್ದಾರೆ: ಒಂದು ಸಿನಗಾಗ್ ಶಾಲೆಯ ಆಫೀಸಿನಿಂದ

ನ್ಯೂಜೆರ್ಸಿಯ ಒಂದು ಯಹೂದಿ ಪ್ರಾರ್ಥನಾಮಂದಿರದ, ಅಂದರೆ ಸಿನಗಾಗ್‌ನ ಮಕ್ಕಳ ಶಾಲೆಯಲ್ಲಿ ಆಫೀಸು ನೋಡಿಕೊಳ್ಳುವುದು ನನ್ನ ಕೆಲಸ. ನಾನು ಯಹೂದಿಯಲ್ಲ, ಹಾಸನದ ಕಡೆಯವಳು. ಪಾಠ ಮಾಡುವವಳೂ ಅಲ್ಲ. ದಾಖಲಾತಿ, ಹಾಜರಿ, ಮಕ್ಕಳ ತಿಂಡಿ, ಬಾಗಿಲ ಕಾವಲು, ಯಾವ ಮಗುವಿನ ಬಾರ್ ಮಿಟ್ಸ್ವಾ (ಮಗು ಧರ್ಮದ ಹೊಣೆ ಹೊರುವ ವಯಸ್ಸಿಗೆ ಬಂದಾಗ ನಡೆಯುವ ವಿಧಿ) ಯಾವ ಶನಿವಾರ ಎಂಬ ಪಟ್ಟಿ, ಇವೆಲ್ಲ ನನ್ನ ಮೇಜಿಗೆ ಬರುತ್ತವೆ. ಇಷ್ಟು ವರ್ಷ ಇದನ್ನೇ ನೋಡಿದ ಮೇಲೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ಹದಿಹರೆಯದ ಮಕ್ಕಳು ಒಂದು ಕಡೆ ನಿಲ್ಲಬೇಕಾದರೆ, ಅವರು ಬಾರದೆ ಹೋದರೆ ನಿಂತುಹೋಗುವಂಥ ಕೆಲಸವೊಂದು ಅಲ್ಲಿ ಇರಬೇಕು.

ಅಮೆರಿಕದಲ್ಲಿ ಇಂಥ ಶಾಲೆಗಳಿಗೆ ದೊಡ್ಡ ಇತಿಹಾಸವಿದೆ. 1838ರಲ್ಲಿ ಫಿಲಡೆಲ್ಫಿಯಾದಲ್ಲಿ ರೆಬೆಕಾ ಗ್ರಾಟ್ಜ್ ಎಂಬ ಮಹಿಳೆ ಯಹೂದಿ ಮಕ್ಕಳಿಗಾಗಿ ಮೊದಲ ಭಾನುವಾರದ ಶಾಲೆ ತೆರೆದರು. ನಮ್ಮದು ಭಾನುವಾರ ಬೆಳಿಗ್ಗೆ ಮತ್ತು ಬುಧವಾರ ಸಂಜೆ ನಡೆಯುತ್ತದೆ. ಬುಧವಾರ ಬರುವ ಮಕ್ಕಳು ಇಡೀ ದಿನದ ಸ್ಕೂಲು ಮುಗಿಸಿ, ಹಸಿದು, ಸುಸ್ತಾಗಿ ಬರುತ್ತಾರೆ. ಹಾಗಾಗಿ ಮೊದಲು ತಿಂಡಿ. ಪೊಟ್ಟಣದ ಮೇಲೆ ಕೋಶರ್ ಮುದ್ರೆ (ಯಹೂದಿ ಆಹಾರ ನಿಯಮಕ್ಕೆ ಒಪ್ಪುತ್ತದೆಂಬ ಗುರುತು) ಇದೆಯೇ, ಕಡಲೆಬೀಜ ಗೋಡಂಬಿ ಸೇರಿಲ್ಲ ತಾನೇ ಎಂದು ಒಂದೊಂದನ್ನೂ ತಿರುಗಿಸಿ ನೋಡಬೇಕು. ಅಮೆರಿಕಕ್ಕೆ ಬಂದಾಗಿನಿಂದ ಮೊಟ್ಟೆ, ಜೆಲಾಟಿನ್ ಇದೆಯಾ ಎಂದು ಲೇಬಲ್ ಓದಿಯೇ ಸಾಮಾನು ಕೊಳ್ಳುವ ನನಗೆ ಈ ಕೆಲಸ ಮೊದಲ ದಿನವೇ ಒಗ್ಗಿತು. ದೇವರ ಹೆಸರು ಬರೆದ ಹೀಬ್ರೂ ಹಾಳೆ ಹರಿದರೆ ಕಸದ ಬುಟ್ಟಿಗೆ ಹಾಕುವಂತಿಲ್ಲ. ಅದಕ್ಕೆಂದೇ ಇಟ್ಟ ಪೆಟ್ಟಿಗೆಯಲ್ಲಿ ಹಾಕುತ್ತೇವೆ, ಆಮೇಲೆ ಅವನ್ನು ಮಣ್ಣಿನಲ್ಲಿ ಹೂಳುತ್ತಾರೆ. ಪ್ರಾರ್ಥನೆಯ ಪುಸ್ತಕ ಕೈಜಾರಿ ಬಿದ್ದರೆ ಮಕ್ಕಳು ಎತ್ತಿ ಮುತ್ತಿಡುತ್ತಾರೆ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಂಡು ಬೆಳೆದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಬಾಗಿಲ ವಿಷಯವನ್ನೂ ಹೇಳಬೇಕು. 2018ರ ಅಕ್ಟೋಬರ್ 27ರ ಶನಿವಾರ ಬೆಳಿಗ್ಗೆ ಪಿಟ್ಸ್‌ಬರ್ಗ್‌ನ ಸಿನಗಾಗ್ ಒಂದಕ್ಕೆ ಬಂದೂಕುಧಾರಿ ನುಗ್ಗಿ, ಪ್ರಾರ್ಥನೆಗೆ ಬಂದಿದ್ದ 11 ಜನರನ್ನು ಕೊಂದ. ನಮ್ಮ ಬಾಗಿಲಲ್ಲಿ ಕಾವಲುಗಾರರಿದ್ದಾರೆ. ಪುಟ್ಟ ಮಕ್ಕಳು ದೀಪ ಆರಿಸಿ ಗೋಡೆಗೆ ಒರಗಿ ಸದ್ದಿಲ್ಲದೆ ಕೂರುವ ಅಭ್ಯಾಸ ಮಾಡುತ್ತಾರೆ. ಇಷ್ಟಾದರೂ ತಂದೆತಾಯಿ ಪ್ರತಿ ವಾರ ಮಕ್ಕಳನ್ನು ಕರೆತಂದು ಬಿಡುತ್ತಾರೆ. ಹೀಗೆ ನಂಬಿ ಬಿಟ್ಟುಹೋದ ಮಕ್ಕಳ ಹೊತ್ತನ್ನು ಹಾಳು ಮಾಡಬಾರದು ಎನ್ನುವುದು ನನ್ನ ಮನಸ್ಸಿನಲ್ಲಿ ಸದಾ ಇರುತ್ತದೆ.

ಶಾಲೆಯ ದೊಡ್ಡ ಗುರಿ ಬಾರ್ ಮಿಟ್ಸ್ವಾ, ಹುಡುಗಿಯರಿಗೆ ಬಾಟ್ ಮಿಟ್ಸ್ವಾ. ನಮ್ಮಲ್ಲಿ ಇಬ್ಬರಿಗೂ 13ರ ವಯಸ್ಸಿಗೆ. ಹುಡುಗಿಯರಿಗೆ ಈ ಅವಕಾಶ ಸಿಕ್ಕಿದ್ದು ತಡವಾಗಿ. ನ್ಯೂಯಾರ್ಕ್‌ನಲ್ಲಿ 1922ರ ಮಾರ್ಚ್‌ನಲ್ಲಿ ರಬ್ಬಿ (ಯಹೂದಿ ಧರ್ಮಗುರು) ಮೊರ್ದೆಕಾಯ್ ಕಪ್ಲಾನ್ ಅವರ ಮಗಳು ಜೂಡಿತ್ ಸಿನಗಾಗ್‌ನಲ್ಲಿ ಎಲ್ಲರೆದುರು ನಿಂತು ಓದಿದ್ದು ಅಮೆರಿಕದ ಮೊದಲ ಬಾಟ್ ಮಿಟ್ಸ್ವಾ ಎಂದು ಹೆಸರಾಗಿದೆ. ಇದು ಹುಟ್ಟುಹಬ್ಬದ ಪಾರ್ಟಿ ಅಂದುಕೊಂಡವರು ನಮ್ಮವರಲ್ಲಿ ಬಹಳ ಮಂದಿ. ಅದರ ಹಿಂದಿನ ದುಡಿಮೆ ನೋಡಿದರೆ ಹಾಗೆ ಅನ್ನುವುದಿಲ್ಲ. ಮಗು ಆ ದಿನ ಓದಬೇಕಾದ ತೋರಾ, ಅಂದರೆ ಯಹೂದಿ ಧರ್ಮಗ್ರಂಥದ ಸುರುಳಿಯಲ್ಲಿ ಹೀಬ್ರೂ ವ್ಯಂಜನಗಳಷ್ಟೇ ಇರುತ್ತವೆ. ಸ್ವರದ ಚುಕ್ಕೆಗಳಿಲ್ಲ, ರಾಗದ ಗುರುತುಗಳಿಲ್ಲ, ವಾಕ್ಯ ಮುಗಿಯಿತೆಂಬ ಚಿಹ್ನೆಯೂ ಇಲ್ಲ. ಕನ್ನಡದ ಪುಟದಿಂದ ಕಾಗುಣಿತವನ್ನೆಲ್ಲ ಅಳಿಸಿ, ಈಗ ರಾಗವಾಗಿ ಓದು ಅಂದಂತೆ. ಮಕ್ಕಳು ಅಭ್ಯಾಸ ಮಾಡುವ ಪುಸ್ತಕದಲ್ಲಿ ಎರಡು ಅಂಕಣ: ಒಂದರಲ್ಲಿ ಎಲ್ಲ ಗುರುತುಗಳಿರುತ್ತವೆ, ಪಕ್ಕದ್ದು ಸುರುಳಿಯ ಹಾಗೇ ಬೋಳು. ಗುರುತಿರುವುದನ್ನು ನೋಡಿ ಕಲಿತು, ಬೋಳಾದದ್ದನ್ನು ನೋಡಿ ಒಪ್ಪಿಸಬೇಕು. ಆ ದಿನ ಪಕ್ಕದಲ್ಲೇ ಹಿರಿಯರು ನಿಂತಿರುತ್ತಾರೆ. ಅರ್ಥ ಕೆಡುವಂಥ ತಪ್ಪಾದರೆ ಅಲ್ಲೇ ಗಟ್ಟಿಯಾಗಿ ತಿದ್ದುತ್ತಾರೆ, ಮಗು ಆ ಪದವನ್ನು ಮತ್ತೆ ಓದಬೇಕು. ಯಾರೂ ಅದನ್ನು ಅವಮಾನ ಎಂದು ತಿಳಿಯುವುದಿಲ್ಲ. ದೊಡ್ಡವರು ಓದಿದಾಗಲೂ ಅದೇ ನಿಯಮ.

ತಾರೀಖು ಕೊಡುವುದು ನಮ್ಮ ಆಫೀಸು, ಅದೂ ಎರಡು ಮೂರು ವರ್ಷ ಮೊದಲೇ. ತಾರೀಖಿನ ಮೇಲೆ ಆ ವಾರದ ತೋರಾ ಭಾಗ ನಿಂತಿರುತ್ತದೆ. ಆ ಭಾಗದ ಬಗ್ಗೆ ಮಗು ಸ್ವಂತವಾಗಿ ಒಂದು ಭಾಷಣ ಬರೆಯಬೇಕು. ವಸಂತದಲ್ಲಿ ಚರ್ಮರೋಗ, ಮನೆಯ ಗೋಡೆಯ ಬೂಸ್ಟು ಇವುಗಳ ನಿಯಮಗಳೇ ತುಂಬಿರುವ ಭಾಗವೊಂದು ಬರುತ್ತದೆ. ಅದು ಸಿಕ್ಕ ಮನೆಯವರು ಬೇರೆ ತಾರೀಖು ಇದೆಯಾ ಎಂದು ಫೋನ್ ಮಾಡುತ್ತಾರೆ. ನಾನು ಕೇಳಿದ ಒಳ್ಳೆಯ ಭಾಷಣಗಳಲ್ಲಿ ಕೆಲವು ಬಂದಿರುವುದು ಅಲ್ಲಿಂದಲೇ. ಪಾಳೆಯದ ಹೊರಗೆ ಕಳಿಸಿದ ರೋಗಿಗೆ ಊಟ ಯಾರು ಒಯ್ದರು ಎಂದು ಒಬ್ಬ ಹುಡುಗಿ ಕೇಳಿದಳು. ರೋಗಿಯನ್ನು ನೋಡಲು ಪುರೋಹಿತನೇ ಪಾಳೆಯ ದಾಟಿ ಹೋಗಬೇಕೆಂದು ಅಲ್ಲಿ ಬರೆದಿದೆ ಎಂಬುದನ್ನೂ ಅವಳೇ ಎತ್ತಿ ತೋರಿಸಿದಳು. ಈ ಧೈರ್ಯದ ಓದನ್ನು 13ರ ಮಗುವಿಗೆ ಕಲಿಸುವ ಶಾಲೆಯ ಮೇಲೆ ನನಗೆ ಅಪಾರ ಗೌರವ.

ಆದರೆ ಮರುವಾರದಿಂದ ಆ ಮಗು ಬರುವುದಿಲ್ಲ. ಇದು ನಮ್ಮಲ್ಲಷ್ಟೇ ಇರುವ ತೊಂದರೆ ಅಲ್ಲ, ಈ ದೇಶದ ಸಿನಗಾಗ್‌ಗಳು ತಲೆಮಾರುಗಳಿಂದ ಪೇಚಾಡುತ್ತಿರುವ ವಿಷಯ. ಸಾಕರ್, ಸಂಗೀತ, ಹೈಸ್ಕೂಲಿನ ಹೋಮ್‌ವರ್ಕ್ ಎಲ್ಲವೂ ಕಾರಣವೇ. ಆದರೆ ಬುಡದಲ್ಲಿರುವ ಕಾರಣ, ಗುರಿ ಮುಟ್ಟಿಯಾಯಿತು ಎಂದು ಆ ಮಕ್ಕಳಿಗೆ ನಾವೇ ಅನ್ನಿಸಿಬಿಟ್ಟಿರುತ್ತೇವೆ. ಪಿಜ್ಜಾ ರಾತ್ರಿ, ಸಿನಿಮಾ ರಾತ್ರಿ ಎಂದು ಕರೆದರೆ ಒಂದು ಸಲ ಬರುತ್ತಾರೆ. ಪಿಜ್ಜಾ ಎಲ್ಲಿ ಬೇಕಾದರೂ ಸಿಗುತ್ತದೆ.

ಉಳಿದ ಮಕ್ಕಳು ಯಾಕೆ ಉಳಿದರು ಎಂದು ಹಾಜರಿ ಪುಸ್ತಕ ಹಿಡಿದು ನೋಡಿದಾಗ ನನಗೆ ಕಂಡದ್ದು ಎರಡು ಕೆಲಸ.

ಮೊದಲನೆಯದು ಮಿನ್ಯಾನ್, ಅಂದರೆ ಪ್ರಾರ್ಥನೆಗೆ ಬೇಕಾದ ಹತ್ತು ಜನರ ಕೂಟ. ತಂದೆಯೋ ತಾಯಿಯೋ ತೀರಿಕೊಂಡವರು 11 ತಿಂಗಳು ಕದ್ದಿಶ್ ಎಂಬ ಪ್ರಾರ್ಥನೆ ಹೇಳುತ್ತಾರೆ. ಅದನ್ನು ಒಂಟಿಯಾಗಿ ಹೇಳುವಂತಿಲ್ಲ, ಕನಿಷ್ಠ 10 ಜನ ಸೇರಿರಬೇಕು. ಬಾರ್ ಮಿಟ್ಸ್ವಾ ಆದ ಹುಡುಗ ಆ ಹತ್ತರಲ್ಲಿ ಒಬ್ಬ. ನಮ್ಮ ಸಿನಗಾಗ್ ಯಹೂದಿಗಳಲ್ಲಿ ಕನ್ಸರ್ವೇಟಿವ್ ಎಂಬ ಪಂಥದ್ದು. ಹೆಂಗಸರನ್ನೂ ಎಣಿಸಬಹುದೆಂದು 1973ರಲ್ಲಿ ಈ ಪಂಥದ ಧರ್ಮಶಾಸ್ತ್ರ ಸಮಿತಿ ಒಪ್ಪಿಕೊಂಡಿದ್ದರಿಂದ ನಮ್ಮಲ್ಲಿ ಹುಡುಗಿಯರೂ ಲೆಕ್ಕಕ್ಕೆ ಬರುತ್ತಾರೆ. ಚಳಿಗಾಲದ ಬುಧವಾರ ಸಂಜೆ ಒಂಬತ್ತೇ ಜನ ಸೇರಿ, ಗಂಡನನ್ನೋ ತಾಯಿಯನ್ನೋ ಕಳೆದುಕೊಂಡವರು ಬಾಗಿಲ ಕಡೆ ನೋಡುತ್ತ ಕೂತಿರುತ್ತಾರೆ. ಆಗ ಬ್ಯಾಗು ಹೊತ್ತ ಎಂಟನೇ ತರಗತಿಯ ಹುಡುಗ ಒಳಗೆ ಕಾಲಿಟ್ಟರೆ ಪ್ರಾರ್ಥನೆ ಶುರುವಾಗುತ್ತದೆ. ಅವನು ಹೀಬ್ರೂವಿನಲ್ಲಿ ಜಾಣನೋ ಅಲ್ಲವೋ ಯಾರೂ ಕೇಳುವುದಿಲ್ಲ. ಅವನು ಬಂದದ್ದಕ್ಕೆ ಒಬ್ಬರಿಗೆ ತಮ್ಮ ಸತ್ತವರ ಹೆಸರಿನಲ್ಲಿ ನಾಲ್ಕು ಮಾತು ಹೇಳಲು ಆಯಿತು, ಅದು ಅವನಿಗೂ ಗೊತ್ತು. ಈಗ ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಸಂಜೆಯ ಪ್ರಾರ್ಥನೆ ಇಟ್ಟಿದ್ದಾರೆ. ದೊಡ್ಡ ಮಕ್ಕಳ ಪಾಳಿಯ ಪಟ್ಟಿ ನಾನು ಬರೆಯುತ್ತೇನೆ.

ಎರಡನೆಯದು ಮದ್ರಿಖೀಮ್, ಅಂದರೆ ಚಿಕ್ಕವರ ತರಗತಿಯಲ್ಲಿ ಕೆಲಸ ಮಾಡುವ ಹೈಸ್ಕೂಲು ಮಕ್ಕಳು. ಇದು ಬಹಳ ಸಿನಗಾಗ್‌ಗಳಲ್ಲಿದೆ, ಆದರೆ ಎಲ್ಲ ಕಡೆ ಒಂದೇ ಥರ ನಡೆಯುವುದಿಲ್ಲ. ಜ್ಯೂಸ್ ಹಂಚು, ಹಾಳೆಗೆ ಪಿನ್ ಹೊಡಿ ಎಂದು ನಿಲ್ಲಿಸಿದವರು ಮೂಲೆಯಲ್ಲಿ ಫೋನ್ ನೋಡುತ್ತ ನಿಲ್ಲುತ್ತಾರೆ, ಡಿಸೆಂಬರ್ ಹೊತ್ತಿಗೆ ಮಾಯ. ನಮ್ಮ ಶಿಕ್ಷಣ ನಿರ್ದೇಶಕಿ ಪದ್ಧತಿ ಬದಲಿಸಿ, ಪ್ರತಿಯೊಬ್ಬರಿಗೂ ಇಬ್ಬರು ಇಂಥದ್ದೇ ಮಕ್ಕಳೆಂದು ಹೆಸರು ಹೇಳಿ ಒಪ್ಪಿಸಿದರು. ಪ್ರತಿ ಭಾನುವಾರ ಆ ಇಬ್ಬರನ್ನು ಕೂರಿಸಿಕೊಂಡು ಹೀಬ್ರೂ ಓದಿಸಬೇಕು, ಎಲ್ಲಿ ತಡವರಿಸಿದರು ಎಂದು ಡೈರಿಯಲ್ಲಿ ಬರೆದು ಟೀಚರಿಗೆ ಕೊಡಬೇಕು. ಆ ಡೈರಿಗಳನ್ನು ನಾನು ಓದುತ್ತೇನೆ. ತನ್ನ ಬಾರ್ ಮಿಟ್ಸ್ವಾಕ್ಕೆ ಅಳುತ್ತ ಕಲಿತ ಹುಡುಗ, ಎರಡು ಅಕ್ಷರಗಳ ನಡುವೆ ಗೊಂದಲವಾಗುವ ಏಳು ವರ್ಷದವನಿಗೆ ಅವನ್ನು ಗೋಧಿ ಹಿಟ್ಟಿನ ಕಣಕದಲ್ಲಿ ಮಾಡಿಸಿ ತೋರಿಸಿದ್ದನ್ನು ಬರೆದಿದ್ದ. ಗುರುಗಳಿಂದ ಬಹಳ ಕಲಿತೆ, ಜೊತೆಗಾರರಿಂದ ಅದಕ್ಕಿಂತ ಹೆಚ್ಚು, ಶಿಷ್ಯರಿಂದ ಎಲ್ಲಕ್ಕಿಂತ ಹೆಚ್ಚು ಎಂದು ಯಹೂದಿ ಧರ್ಮಶಾಸ್ತ್ರದ ಹಳೆಯ ಗ್ರಂಥ ತಾಲ್ಮುದ್‌ನಲ್ಲಿ ರಬ್ಬಿ ಹನೀನಾ ಹೇಳುತ್ತಾರೆ. ಆ ಹುಡುಗನ ಹೀಬ್ರೂ ಗಟ್ಟಿಯಾದದ್ದು ನಿಜಕ್ಕೂ ಆಮೇಲೆಯೇ.

ಈ ಮಕ್ಕಳು ಪರೀಕ್ಷೆ ಬಂದರೆ ರಜೆ ಕೇಳುತ್ತಾರೆ, ಆದರೆ ನನ್ನ ಇಬ್ಬರನ್ನು ಇವಳು ನೋಡಿಕೊಳ್ಳುತ್ತಾಳೆ ಎಂದು ಬದಲಿಯವರ ಹೆಸರನ್ನೂ ಸೇರಿಸಿ ಮೆಸೇಜ್ ಹಾಕುತ್ತಾರೆ. ಹಾಗೆ ಮಾಡಿ ಎಂದು ನಾವು ಹೇಳಿಕೊಟ್ಟಿರಲಿಲ್ಲ. ಎಲ್ಲರೂ ಉಳಿಯುತ್ತಾರೆ ಎಂದಲ್ಲ. ಹತ್ತನೇ ತರಗತಿ ದಾಟಿದ ಮೇಲೆ ಕಾಲೇಜಿನ ತಯಾರಿಗೆ ಹೋಗುವವರನ್ನು ಯಾವ ಪಾಳಿಯೂ ತಡೆಯಲಾರದು, ತಡೆಯಬಾರದು ಕೂಡ.

ನಮ್ಮ ಊರಿನ ಕನ್ನಡ ಕೂಟದ ವಾರಾಂತ್ಯದ ಕನ್ನಡ ಶಾಲೆಯಲ್ಲೂ ಇದೇ ಗೋಳು: ಮಿಡಲ್ ಸ್ಕೂಲ್ ಮುಟ್ಟುತ್ತಲೇ ಮಕ್ಕಳು ಕಾಣೆ. ಅಲ್ಲಿನ ಸಭೆಯಲ್ಲಿ ಇದನ್ನೆಲ್ಲ ಹೇಳಿದೆ. ಈ ಸೆಪ್ಟೆಂಬರ್‌ನಿಂದ ದೊಡ್ಡ ಮಕ್ಕಳಿಗೆ ಬೇರೆ ತರಗತಿ ಇಲ್ಲ. ಒಬ್ಬೊಬ್ಬರಿಗೆ ಇಬ್ಬರು ಪುಟ್ಟ ಮಕ್ಕಳು, ಒಂದು ಡೈರಿ. ಒತ್ತಕ್ಷರದಿಂದ ಶುರು ಮಾಡುವುದೋ ಕಥೆ ಓದಿಸುವುದೋ ಎನ್ನುವುದನ್ನು ಆ ದೊಡ್ಡ ಮಕ್ಕಳೇ ತೀರ್ಮಾನಿಸಲಿ ಎಂದು ಬಿಟ್ಟಿದ್ದೇವೆ.