ಕಿಂಡರ್‌ಡೈಕಿನ ನೀರುಗಂಟಿಗಳು

ಆಂಸ್ಟರ್‌ಡ್ಯಾಮಿನಿಂದ ರೈನ್ ನದಿಯ ಕಡೆಗೆ ಹೊರಡುವ ಪ್ರವಾಸಿ ಹಡಗುಗಳಲ್ಲಿ ಅನೇಕವು ರಾಟರ್‌ಡ್ಯಾಮಿನ ಪೂರ್ವಕ್ಕಿರುವ ಕಿಂಡರ್‌ಡೈಕಿನಲ್ಲಿ ಕೆಲವು ಗಂಟೆ ತಂಗುತ್ತವೆ. ಚಿಕ್ಕಮಗಳೂರಿನಲ್ಲಿ ಒಟ್ಟಿಗೆ ಓದಿದ ನಾವು ಕೆಲವು ಗೆಳೆಯರು ಕಾಫಿ ಕೊಯ್ಲು ಮುಗಿಸಿ, ಮುಂಗಾರಿಗೆ ಮುನ್ನ ಸಿಕ್ಕ ಬಿಡುವಿನಲ್ಲಿ ಈ ಪ್ರಯಾಣ ಕೈಗೊಂಡಿದ್ದೆವು. ಹಡಗಿನ ಊಟ, ಕೋಣೆಗಳ ಬಗ್ಗೆ ವಿಶೇಷವೇನಿಲ್ಲ. ಬರೆಯಬೇಕೆನಿಸಿದ್ದು ಲೆಕ್ ನದಿಯ ಏರಿಯಾಚೆ ನಿಂತಿರುವ 19 ಗಾಳಿಯಂತ್ರಗಳ ಬಗ್ಗೆ.

ಇವುಗಳಲ್ಲಿ ಹೆಚ್ಚಿನವನ್ನು 1738 ಮತ್ತು 1740ರ ಸುಮಾರಿಗೆ ಕಟ್ಟಿದ್ದು ಧಾನ್ಯ ಬೀಸಲಿಕ್ಕಲ್ಲ, ನೀರೆತ್ತಲಿಕ್ಕೆ. ಸಖರಾಯಪಟ್ಟಣದ ಅಯ್ಯನಕೆರೆಯಲ್ಲಿ ನೀರುಗಂಟಿ, ಅಂದರೆ ಕೆರೆಯ ನೀರು ಬಿಡುವವನು, ತೂಬು ಎತ್ತಿದರೆ ನೀರು ತಾನಾಗಿಯೇ ಗದ್ದೆಗಳಿಗೆ ಇಳಿಯುತ್ತದೆ, ಅದನ್ನು ಹಿಡಿದಿಡುವುದೇ ನಮ್ಮ ಚಿಂತೆ. ಕಿಂಡರ್‌ಡೈಕ್ ಇರುವ ತಗ್ಗು ಪ್ರದೇಶವಾದ ಅಲ್ಬ್ಲಾಸರ್‌ವಾರ್ಡಿನ ರೈತರದು ಇದಕ್ಕೆ ತದ್ವಿರುದ್ಧವಾದ ಪಾಡು. ಅಲ್ಲಿನ ಜೌಗು ಮಣ್ಣಿನಿಂದ ನೀರು ಬಸಿದಷ್ಟೂ ನೆಲ ಕುಗ್ಗಿ ತಗ್ಗುತ್ತ ಹೋಯಿತು, ನದಿಯ ಪಾತ್ರ ಹೂಳಿನಿಂದ ಏರುತ್ತ ಬಂತು. ಕೊನೆಗೆ ಬರೀ ತೂಬು ತೆರೆದು ನೀರನ್ನು ಹೊರಬಿಡುವುದು ಸಾಧ್ಯವಾಗದೆ, ಗಾಳಿಯ ಬಲದಿಂದ ಚಕ್ರ ತಿರುಗಿಸಿ ಅದನ್ನು ಎತ್ತರದ ಕಾಲುವೆಗೆ ಏರಿಸಿ, ನದಿಯ ಮಟ್ಟ ಇಳಿದಾಗ ಅಲ್ಲಿಂದ ಲೆಕ್‌ಗೆ ಬಿಡುವ ಏರ್ಪಾಡು ಮಾಡಬೇಕಾಯಿತು.

ವಸ್ತುಸಂಗ್ರಹಾಲಯವಾಗಿರುವ ಯಂತ್ರವೊಂದರ ಒಳಗೆ ಹೋದೆವು. ಬುಡದ ಕೋಣೆಯೇ ಯಂತ್ರ ನಡೆಸುವವನ ಸಂಸಾರದ ಮನೆ. ಗೋಡೆಯೊಳಗಿನ ಬೀರುವಿನಂಥ ಗೂಡಿನಲ್ಲಿ ಹಾಸಿಗೆ, ಪಕ್ಕದಲ್ಲಿ ಒಲೆ. ಮೇಲಿನ ಅಂತಸ್ತುಗಳಿಗೆ ಏಣಿಯಷ್ಟೇ ಕಡಿದಾದ ಮೆಟ್ಟಿಲುಗಳಿರುವುದರಿಂದ ಮಂಡಿನೋವಿನವರು ಕೆಳಗೇ ಉಳಿದರು. ರೆಕ್ಕೆಗಳ ತುದಿ ನೆಲದಿಂದ ಒಂದು ಅಡಿಯಷ್ಟೇ ಮೇಲೆ ಬೀಸಿಕೊಂಡು ಹೋಗುತ್ತದೆ. ಹಾಗಾಗಿಯೇ ಮನೆಗೆ ಎದುರುಬದುರಾಗಿ ಎರಡು ಬಾಗಿಲು: ರೆಕ್ಕೆ ಯಾವ ಬಾಗಿಲ ಮುಂದಿದೆಯೋ ನೋಡಿಕೊಂಡು ಇನ್ನೊಂದರಿಂದ ಹೊರಬರಬೇಕು. ಗಾಳಿ ದಿಕ್ಕು ಬದಲಿಸಿದರೆ ಹೊರಗಿನ ರಾಟೆಯನ್ನು ತುಳಿದು, ಎಳೆದು, ಯಂತ್ರದ ಇಡೀ ತಲೆಯನ್ನೇ ತಿರುಗಿಸಬೇಕು. ಗಾಳಿ ಬಲವಾದರೆ ರೆಕ್ಕೆಯ ಬಟ್ಟೆಯನ್ನು ಸುತ್ತಿಡಬೇಕು. ಕೆರೆಯಂಚಿನ ಊರಿನ ಗೆಳೆಯನೊಬ್ಬ ಇದನ್ನೆಲ್ಲ ಕೇಳಿ, "ಇವನು ನಮ್ಮ ನೀರುಗಂಟಿಯೇ ಸರಿ, ಹೆಂಡತಿ ಮಕ್ಕಳನ್ನು ತೂಬಿನ ಮೇಲೇ ಇಟ್ಟುಕೊಂಡಿದ್ದಾನೆ ಅಷ್ಟೆ" ಎಂದ.

1868ರಲ್ಲಿ ಉಗಿಯಂತ್ರ ಬಂತು, ಈಗ ದೊಡ್ಡ ತಿರುಪು ಪಂಪುಗಳು ಆ ಕೆಲಸ ಮಾಡುತ್ತಿವೆ. ಆದರೂ ಎರಡನೆಯ ಮಹಾಯುದ್ಧದಲ್ಲಿ ಇಂಧನ ಸಿಗದಿದ್ದಾಗ ಈ ಹಳೆಯ ರೆಕ್ಕೆಗಳೇ ಮತ್ತೆ ನೀರೆತ್ತಿದವು. 1997ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನನಗೆ ಯಂತ್ರಗಳಿಗಿಂತಲೂ ದೊಡ್ಡದೆನಿಸಿದ್ದು ಅವುಗಳ ಹಿಂದಿನ ವ್ಯವಸ್ಥೆ. ನೀರಿನ ಉಸ್ತುವಾರಿಗೆಂದೇ ಮಧ್ಯಯುಗದಲ್ಲಿ ಹುಟ್ಟಿದ ಮಂಡಳಿಗಳು ಅಲ್ಲಿ ಇಂದಿಗೂ ಇವೆ; ಅವುಗಳಿಗೆ ಪ್ರತ್ಯೇಕ ಚುನಾವಣೆ ನಡೆಯುತ್ತದೆ, ಜನ ಪ್ರತ್ಯೇಕ ತೆರಿಗೆ ಕಟ್ಟುತ್ತಾರೆ. ಅಯ್ಯನಕೆರೆಯ ಅಚ್ಚುಕಟ್ಟಿನ ರೈತರು ಹೀಗೆ ದುಡ್ಡು ಕೊಡಲು ಒಪ್ಪುತ್ತಾರೆಯೇ ಎಂಬ ವಾದ ಹಡಗು ಹತ್ತಿದ ಮೇಲೂ ಮುಂದುವರಿಯಿತು. ಒಪ್ಪುವುದಿಲ್ಲವೆಂದು ನಾನು, ಲೆಕ್ಕ ಸರಿಯಾಗಿ ತೋರಿಸಿದರೆ ಖಂಡಿತ ಕೊಡುತ್ತಾರೆಂದು ಆ ಗೆಳೆಯ.