ಕಲಬುರಗಿ ಕಡೆಯ ಇತಿಹಾಸ ಸಂಶೋಧಕರಿಗೆ: ಯಾವ ಸಮ್ಮೇಳನಕ್ಕೆ ಹೋಗಬೇಕು, ಯಾವುದನ್ನು ಬಿಡಬೇಕು

ಬ್ಯಾನರಿನ ಮೇಲೆ ‘ಅಂತಾರಾಷ್ಟ್ರೀಯ’ ಎಂದು ಬರೆಸಿಕೊಳ್ಳುವ ವಿಚಾರ ಸಂಕಿರಣಗಳು ಯಾಕೆ ಇಷ್ಟು ಹೆಚ್ಚಿವೆ ಎನ್ನುವುದಕ್ಕೆ ಉತ್ತರ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿಯಲ್ಲೇ ಇದೆ. ಪೇಪರ್ ಓದಿದ್ದಕ್ಕೆ ವಿದೇಶದಲ್ಲಾದರೆ 7 ಅಂಕ, ದೇಶದೊಳಗಿನ ಅಂತಾರಾಷ್ಟ್ರೀಯ ಸಮ್ಮೇಳನವಾದರೆ 5, ರಾಷ್ಟ್ರೀಯಕ್ಕೆ 3, ರಾಜ್ಯ ಮಟ್ಟಕ್ಕೆ 2. ಮೂರನ್ನು ಐದು ಮಾಡಲು ಆನ್‌ಲೈನಿನಲ್ಲಿ ಒಬ್ಬ ವಿದೇಶಿ ಅತಿಥಿ ಕಾಣಿಸಿಕೊಂಡರೆ ಸಾಕು! ಬಡ್ತಿಯ ಹಾದಿಯಲ್ಲಿರುವ ಅಧ್ಯಾಪಕರಿಗೆ ಈ ಲೆಕ್ಕ ಬೇಕಾಗಬಹುದು. ಕೆಲಸ ಹುಡುಕುತ್ತಿರುವ ಸಂಶೋಧನಾ ವಿದ್ಯಾರ್ಥಿಗೆ ಬೇಡ. ಅದೇ ನಿಯಮಾವಳಿಯಲ್ಲಿ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಆಯ್ಕೆ ಮಾಡುವಾಗ ಅಂಕ ಸಿಗುವುದು ಪ್ರಕಟವಾದ ಲೇಖನಕ್ಕೆ, ಸಮ್ಮೇಳನದ ಪ್ರಮಾಣಪತ್ರಕ್ಕಲ್ಲ. 2022ರ ಪಿಎಚ್‌.ಡಿ. ನಿಯಮಗಳು ಲೇಖನ ಪ್ರಕಟಣೆಯ ಕಡ್ಡಾಯವನ್ನೂ ತೆಗೆದಿವೆ. ಆದರೆ ವಿಶ್ವವಿದ್ಯಾಲಯಗಳು ತಮ್ಮದೇ ಷರತ್ತು ಇಟ್ಟುಕೊಳ್ಳುತ್ತವೆ, ಹಾಗಾಗಿ ನಿಮ್ಮ ನೋಂದಣಿಯ ವರ್ಷದ ನಿಯಮವನ್ನು ಕಚೇರಿಯಲ್ಲಿ ಕೇಳಿ ಓದಿಕೊಳ್ಳಿ.

ಬಿಡಬೇಕಾದ ಸಮ್ಮೇಳನವನ್ನು ಗುರುತಿಸುವುದು ಸುಲಭ. ಇತಿಹಾಸದಿಂದ ನ್ಯಾನೋ ತಂತ್ರಜ್ಞಾನದವರೆಗೆ ಒಂದೇ ವೇದಿಕೆ, ಸಾರಾಂಶ ಕಳಿಸಿದ ಮರುದಿನವೇ ಸ್ವೀಕೃತಿ, ಸಹಲೇಖಕರ ತಲೆಗಿಷ್ಟು ಎಂದು ಫೀ. ‘ಯುಜಿಸಿ ಕೇರ್ ಪತ್ರಿಕೆಯಲ್ಲಿ ಪ್ರಕಟಿಸುತ್ತೇವೆ’ ಎಂದು ಈಗಲೂ ಬರೆಯುವವರಿದ್ದಾರೆ. ಕೇರ್ ಎಂಬ ಆ ಮಾನ್ಯ ಪತ್ರಿಕೆಗಳ ಪಟ್ಟಿಯನ್ನು ಯುಜಿಸಿ 2025ರ ಫೆಬ್ರವರಿಯಲ್ಲೇ ಕೈಬಿಟ್ಟಿದೆ.

ಹೋಗಬೇಕಾದವು ಕೈಬೆರಳಲ್ಲಿ ಎಣಿಸುವಷ್ಟು. ಭಾರತೀಯ ಇತಿಹಾಸ ಕಾಂಗ್ರೆಸ್ 1935ರಿಂದ ಇದೆ, ಸಾಮಾನ್ಯವಾಗಿ ಡಿಸೆಂಬರ್ ಕೊನೆಯಲ್ಲಿ ಸೇರುತ್ತದೆ. ಪ್ರಾಚೀನ, ಮಧ್ಯಕಾಲೀನ, ಆಧುನಿಕ, ಪುರಾತತ್ವ ಎಂದು ವಿಭಾಗಗಳಿವೆ. ಸದಸ್ಯತ್ವ ಇಲ್ಲದೆ ಪೇಪರ್ ಓದಲಾಗದು, ಓದಿದ್ದೆಲ್ಲ ಅದರ ನಡಾವಳಿ ಸಂಪುಟಕ್ಕೆ ಸೇರುವುದೂ ಇಲ್ಲ. ಡಿಸೆಂಬರಿನ ಗುರಿ ಇದ್ದರೆ ಆರ್ಕೈವ್ (ದಾಖಲೆ ಭಂಡಾರ) ಕೆಲಸ ಆಗಸ್ಟ್ ಒಳಗೆ ಮುಗಿದಿರಬೇಕು. ಕನ್ನಡದಲ್ಲಿ ಬರೆಯುವವರಿಗೆ ಕರ್ನಾಟಕ ಇತಿಹಾಸ ಅಕಾಡೆಮಿಯ ವಾರ್ಷಿಕ ಸಮ್ಮೇಳನವಿದೆ. ಅದರ ‘ಇತಿಹಾಸ ದರ್ಶನ’ ಸಂಪುಟಗಳನ್ನು ಮೊದಲು ತಿರುವಿ ನೋಡಿ, ನಿಮ್ಮ ಊರಿನ ಶಾಸನದ ಮೇಲೆ ಯಾರೋ ಆಗಲೇ ಬರೆದಿರಬಹುದು. ಸನ್ನತಿ, ಮಳಖೇಡ, ನಾಗಾವಿ ಕಡೆ ಶಾಸನ ಓದುವವರಿಗೆ ನನ್ನ ಸಲಹೆ ಎಪಿಗ್ರಾಫಿಕಲ್ ಸೊಸೈಟಿ ಆಫ್ ಇಂಡಿಯಾದ ವಾರ್ಷಿಕ ಅಧಿವೇಶನ. ಅಲ್ಲಿ ಓದಿನ ತಪ್ಪನ್ನು ಹಿಡಿಯುವವರು ಎದುರಿಗೇ ಕೂತಿರುತ್ತಾರೆ. ಬೇರೆ ಕಡೆ ಚಪ್ಪಾಳೆ, ಚಹಾ ಅಷ್ಟೇ.

ಸಾರಾಂಶ ಬರೆಯುವಲ್ಲಿ ನಮ್ಮವರು ಎಡವುವುದು ಹೆಚ್ಚು. ‘ಬೀದರ್ ಕೋಟೆ: ಒಂದು ಅಧ್ಯಯನ’ ಎಂಬ ತಲೆಬರಹಕ್ಕೆ ಬಹಮನಿಗಳು 1347ರಲ್ಲಿ ಕಲಬುರಗಿಯಲ್ಲಿ ರಾಜ್ಯ ಕಟ್ಟಿದ್ದರಿಂದ ಶುರು ಮಾಡಿ 1472ರ ಮಹಮೂದ್ ಗಾವಾನ್ ಮದ್ರಸಾದವರೆಗೆ ಬಂದರೆ 250 ಪದ ಮುಗಿದೇ ಹೋಯಿತು. ಆಯ್ಕೆ ಸಮಿತಿಗೆ ಅದೆಲ್ಲ ಗೊತ್ತಿರುತ್ತದೆ. ಅದೇ ಬೀದರಿನ ಕರೇಜ್ ತೆಗೆದುಕೊಳ್ಳಿ. ನಿಜಾಮರ ಕಾಲದಲ್ಲಿ ಈ ಸುರಂಗ ಕಾಲುವೆಯ ಹೂಳೆತ್ತುವ ಖರ್ಚು ಯಾರ ಮೇಲಿತ್ತು? ಪ್ರಶ್ನೆ ಮೊದಲ ವಾಕ್ಯದಲ್ಲಿರಲಿ. ಎರಡನೆಯದರಲ್ಲಿ ಈವರೆಗಿನ ಬರಹ ಎಲ್ಲಿ ನಿಂತಿದೆ, ಮೂರನೆಯದರಲ್ಲಿ ಯಾವ ಆರ್ಕೈವಿನ ಯಾವ ಇಲಾಖೆಯ ಯಾವ ವರ್ಷಗಳ ಕಡತ, ಆಮೇಲೆ ನಿಮ್ಮ ವಾದ. ಕಡತವನ್ನು ಹೆಸರಿಸದ ಸಾರಾಂಶ ಮೊದಲ ಸುತ್ತಿನಲ್ಲೇ ಬೀಳುತ್ತದೆ.

ನಿಜಾಮರ ಕಾಲದ ಕಡತದ ತಾರೀಖು ಫಸಲಿಯಲ್ಲಿ, ಅಂದರೆ ಆಗಿನ ಕಂದಾಯ ವರ್ಷದ ಲೆಕ್ಕದಲ್ಲಿರುತ್ತದೆ. 590 ಕೂಡಿಸಿದರೆ ವರ್ಷ ಶುರುವಾದ ಇಸವಿ ಸಿಗುತ್ತದೆ, ಆದರೆ ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನಲ್ಲಿ ಹೊರಳುವುದರಿಂದ 1340 ಫಸಲಿಯನ್ನು 1930–31 ಎಂದೇ ಬರೆಯಬೇಕು. ಒಂದೇ ಇಸವಿ ಹಾಕಿದರೆ, ಅದರಲ್ಲೂ ಹೈದರಾಬಾದ್ ಸಂಸ್ಥಾನ ಭಾರತದ ಕೈಗೆ ಬಂದ 1948ರ ಸೆಪ್ಟೆಂಬರ್ ಆಸುಪಾಸಿನ ಕಾಗದವಾಗಿದ್ದರೆ, ಸರ್ಕಾರ ಬದಲಾಗುವ ಮುಂಚಿನದೋ ನಂತರದ್ದೋ ಎಂಬುದೇ ಅಡಿಮೇಲಾಗುತ್ತದೆ. ಈ ಕಡತಗಳ ಮುಖ್ಯ ಭಂಡಾರ ಹೈದರಾಬಾದಿನ ತಾರ್ನಾಕದಲ್ಲಿರುವ ತೆಲಂಗಾಣ ರಾಜ್ಯ ಆರ್ಕೈವ್ಸ್. ಬೀದರಿನಿಂದ 150 ಕಿ.ಮೀ. ಒಳಗೇ; ಗೈಡ್ ಸಹಿ ಮಾಡಿದ ಲೆಟರ್‌ಹೆಡ್ ಪತ್ರ, ಗುರುತಿನ ಚೀಟಿ ಜತೆಗಿರಲಿ. ಭಾಷೆ ಉರ್ದು, ಹಳೆಯದಾದರೆ ಫಾರ್ಸಿ (ಪರ್ಷಿಯನ್). ಕಲಬುರಗಿ, ಬೀದರಿನಲ್ಲಿ ಉರ್ದು ಕಲಿಸುವವರು ಓಣಿಗೊಬ್ಬರು ಸಿಗುತ್ತಾರೆ. ಬೆಂಗಳೂರಿನ ಸಂಶೋಧಕರಿಗೆ ಇಲ್ಲದ ಅನುಕೂಲ ಇದು, ಬಳಸಿಕೊಳ್ಳುವವರೇ ಕಡಿಮೆ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ಹೈದರಾಬಾದ್ ರೆಸಿಡೆನ್ಸಿ (ನಿಜಾಮರ ಬಳಿಯಿದ್ದ ಬ್ರಿಟಿಷ್ ಪ್ರತಿನಿಧಿಯ ಕಚೇರಿ) ದಾಖಲೆಗಳಿಗೆ ಟಿಕೆಟ್ ತೆಗೆಸುವ ಮುಂಚೆ ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಹುಡುಕಿ.

ಹಣದ ಮಾತು. ಭಾರತೀಯ ಇತಿಹಾಸ ಸಂಶೋಧನಾ ಮಂಡಳಿಯಲ್ಲಿ ಜೂನಿಯರ್ ಫೆಲೋಶಿಪ್ ಜತೆಗೆ ಆರ್ಕೈವ್ ಓಡಾಟಕ್ಕೆಂದೇ ಅಧ್ಯಯನ–ಪ್ರವಾಸ ಅನುದಾನವೂ ಇದೆ. ಎರಡನೆಯದನ್ನು ಕೇಳುವವರು ನಮ್ಮಲ್ಲಿ ಅಪರೂಪ. ಮಂಡಳಿಯ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲೇ ಇದೆ. ಅಮೆರಿಕಕ್ಕೆ ಹೋಗಲು ಸಿಗುವ ಫುಲ್‌ಬ್ರೈಟ್–ನೆಹರೂ ಡಾಕ್ಟರಲ್ ಫೆಲೋಶಿಪ್ 6ರಿಂದ 9 ತಿಂಗಳಿನದು, ಅರ್ಜಿ ಸಾಮಾನ್ಯವಾಗಿ ಜುಲೈ ಹೊತ್ತಿಗೆ ಮುಗಿಯುತ್ತದೆ. ಸುರಪುರ ಸಂಸ್ಥಾನದ ಮೇಲೆ ಕೆಲಸ ಮಾಡುವ ಯಾದಗಿರಿಯವರು ಬ್ರಿಟನ್ನಿಗೆ ಹೋಗಲು ನೆರವಾಗುವ ಚಾರ್ಲ್ಸ್ ವಾಲೇಸ್ ಇಂಡಿಯಾ ಟ್ರಸ್ಟಿನ ಅಲ್ಪಾವಧಿ ಅನುದಾನ ನೋಡಬಹುದು. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸುರಪುರದಲ್ಲಿದ್ದ ಕಾಲಕ್ಕೆ ಸಂಬಂಧಿಸಿದ ಇಂಡಿಯಾ ಆಫೀಸ್ ದಾಖಲೆಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅರ್ಜಿಯಲ್ಲಿ ‘ಲಂಡನ್ನಿನ ದಾಖಲೆ ನೋಡಬೇಕು’ ಎಂದಷ್ಟೇ ಬರೆದರೆ ಯಾರೂ ದುಡ್ಡು ಕೊಡುವುದಿಲ್ಲ. ಕಡತದ ಸಂಖ್ಯೆಗಳನ್ನೇ ಕೊಡಿ, ಅವು ಇಲ್ಲಿ ಯಾಕೆ ಸಿಗುವುದಿಲ್ಲ ಎಂದು ಒಂದು ಸಾಲು ಸೇರಿಸಿ.

ಇನ್ನು ಸಣ್ಣಪುಟ್ಟದ್ದು. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫಾಂಟಿನ ಫೈಲ್ ಬೇರೆಯವರ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆಯುತ್ತದೆ. ಯೂನಿಕೋಡಿಗೆ ಬದಲಿಸಿ, ಒತ್ತಕ್ಷರಗಳನ್ನು ಮತ್ತೊಮ್ಮೆ ನೋಡಿ, ಜತೆಗೆ ಪಿಡಿಎಫ್ ಕಳಿಸಿ. ಹದಿನೈದು ನಿಮಿಷ ಕೊಟ್ಟರೆ ಕನ್ನಡದಲ್ಲಿ 1,200 ಪದ ಮೀರಬೇಡಿ, ಅಧ್ಯಕ್ಷರು ಹತ್ತನೇ ನಿಮಿಷಕ್ಕೇ ಚೀಟಿ ಕಳಿಸುವುದುಂಟು. ಕಾಲೇಜಿನಲ್ಲಿರುವವರು ಓಓಡಿ (ಅನ್ಯ ಕಾರ್ಯ ನಿಮಿತ್ತ) ಆದೇಶವನ್ನು ಹೊರಡುವ ಮುಂಚೆಯೇ ಕೈಗೆ ತೆಗೆದುಕೊಳ್ಳಿ. ಪ್ರಯಾಣದ ಬಿಲ್ಲಿಗೆ ಮೂಲ ಟಿಕೆಟ್, ಫೀ ರಶೀದಿ, ಹಾಜರಾತಿ ಪತ್ರ ಮೂರೂ ಬೇಕು. ಹಾಜರಾತಿ ಪತ್ರವನ್ನು ಕೊನೆಯ ದಿನ ಊಟಕ್ಕೆ ಮುಂಚೆ ಇಸಿದುಕೊಳ್ಳಿ, ಮಧ್ಯಾಹ್ನದ ಮೇಲೆ ಸಹಿ ಹಾಕುವವರು ಸಿಗುವುದಿಲ್ಲ.