ಮಾದಾಪುರದ ಸೌದೆ, ಮೆಲ್ಬರ್ನ್‌ನ ಸರ್ವ್

2025ರ ನವೆಂಬರ್ 1, ಶನಿವಾರ. ಮೆಲ್ಬರ್ನ್ ಪಕ್ಕದ ವೆರಿಬಿಯ ನಮ್ಮ ಮನೆಯಲ್ಲಿ ನಾಲ್ಕು ಕನ್ನಡ ಕುಟುಂಬಗಳು ಸೇರಿ ರಾಜ್ಯೋತ್ಸವದ ಊಟ ಇಟ್ಟುಕೊಂಡಿದ್ದೆವು. ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದೆ, ಸೋಮವಾರಪೇಟೆಯಿಂದ ತಮ್ಮನ ಮೆಸೇಜ್ ಬಂತು: "ಬೋಪಣ್ಣ ರಿಟೈರ್ ಆದ್ರು ಕಣಕ್ಕ."

ನಮ್ಮ ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ. ಒಲೆ ಆರಿಸಿ ಅಲ್ಲೇ ನಿಂತು ಸುದ್ದಿ ಓದಿದೆ. ವಿದಾಯದ ಮಾತಿನಲ್ಲಿ ಅವರು ಊರನ್ನೇ ಮೊದಲು ನೆನೆದಿದ್ದರು. ಸರ್ವ್‌ಗೆ ಬಲ ಬರಲಿ ಅಂತ ಕೊಡಗಿನಲ್ಲಿ ಸೌದೆ ಒಡೆದದ್ದು, ದಮ್ಮು ಬರಲಿ ಅಂತ ಕಾಫಿ ತೋಟದಲ್ಲಿ ಓಡಿದ್ದು, ಬಿರುಕು ಬಿಟ್ಟ ಕೋರ್ಟ್‌ಗಳಲ್ಲಿ ಆಡಿದ್ದು. ಬೇರೆಯವರಿಗೆ ಇದು ಚೆಂದದ ಸಾಲು ಅನ್ನಿಸಿರಬಹುದು. ನಮ್ಮ ಕಡೆಯವರಿಗೆ ಹಾಗಲ್ಲ. ಮಳೆಗಾಲ ಹಿಡಿಯುವ ಮೊದಲು ಸೌದೆ ಒಡೆದು ಕೊಟ್ಟಿಗೆಗೆ ಒಟ್ಟುವ ಕೆಲಸ ಏನು ಅಂತ ನನಗೆ ಗೊತ್ತು. ಕೊಡಲಿಯನ್ನು ತಲೆಯ ಮೇಲಕ್ಕೆ ಎತ್ತಬೇಕು, ಸೊಂಟ ತಿರುಗಬೇಕು, ಇಡೀ ಮೈಯ ಭಾರ ಒಂದೇ ಏಟಿಗೆ ಇಳಿಯಬೇಕು. ಬೋಪಣ್ಣ ಅವರ ಸರ್ವ್ ನೋಡಿದಾಗಲೆಲ್ಲ ನನಗೆ ಕಾಣುತ್ತಿದ್ದುದು ಅದೇ.

ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ, 1980ರ ಮಾರ್ಚ್ 4ರಂದು. ಬೆಳೆದದ್ದು ನಮ್ಮ ಪಕ್ಕದ ಮಾದಾಪುರದ ಕಡೆ. ಅಪ್ಪ ಕಾಫಿ ಬೆಳೆಗಾರರು. ಮಗನ ಕೈಗೆ ರಾಕೆಟ್ ಬಂದಾಗ ಹನ್ನೊಂದು ವರ್ಷ. ಟೆನಿಸ್‌ನಲ್ಲಿ ಅದು ತಡವೇ, ಆರೇಳು ವರ್ಷಕ್ಕೇ ಕೋರ್ಟಿಗಿಳಿಯುವ ಮಕ್ಕಳಿದ್ದಾರೆ. ಆಮೇಲೆ ಪುಣೆಗೆ ಹೋಗಿ ತರಬೇತಿ. 2002ರಲ್ಲಿ, ದೇಶ ದೇಶಗಳ ತಂಡಗಳು ಆಡುವ ಡೇವಿಸ್ ಕಪ್‌ಗೆ ಮೊದಲ ಸಲ ಆಡಿದ್ದು ಇದೇ ಆಸ್ಟ್ರೇಲಿಯಾದಲ್ಲಿ. ಸಿಂಗಲ್ಸ್‌ನಲ್ಲಿ ಅವರು ಜಗತ್ತಿನ ರ್ಯಾಂಕಿಂಗ್ ಪಟ್ಟಿಯಲ್ಲಿ 213ಕ್ಕಿಂತ ಮೇಲೆ ಏರಲಿಲ್ಲ. ಆದರೂ 2010ರಲ್ಲಿ ಚೆನ್ನೈನಲ್ಲಿ ಡೇವಿಸ್ ಕಪ್‌ನಲ್ಲೇ ಬ್ರೆಜಿಲ್ ಎದುರು ಭಾರತ 0-2 ಹಿಂದಿದ್ದು 2-2 ಮಾಡಿಕೊಂಡಾಗ, ಐದನೇ ಪಂದ್ಯ ಗೆದ್ದುಕೊಟ್ಟಿದ್ದು ಇವರೇ, ಅದೂ ಸಿಂಗಲ್ಸ್‌ನಲ್ಲಿ. ಇದನ್ನು ಊರಲ್ಲೇ ಜಾಸ್ತಿ ಜನ ಮರೆತಿದ್ದಾರೆ.

ಊರಿನವರು ನನ್ನನ್ನು ಕೇಳುವುದು ಬರೀ ಅವರು ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದ 2024ರ ಜನವರಿಯ ರಾತ್ರಿಯ ಬಗ್ಗೆ. ಅದನ್ನೂ ಹೇಳ್ತೀನಿ. ಆದರೆ ಮೊದಲು ಹೊರಗಿನ ಕೋರ್ಟ್‌ಗಳ ಬಗ್ಗೆ ಹೇಳಬೇಕು.

ಮೆಲ್ಬರ್ನ್ ಪಾರ್ಕ್‌ನಲ್ಲಿ ಆ ಟೂರ್ನಿಗೆ ಗ್ರೌಂಡ್ ಪಾಸ್ ಅಂತ ಒಂದು ಟಿಕೆಟ್ ಇದೆ. ಅದಕ್ಕೆ ಮುಖ್ಯ ಸ್ಟೇಡಿಯಂ ರಾಡ್ ಲೇವರ್ ಅರೀನಾ ಒಳಗೆ ಬಿಡುವುದಿಲ್ಲ, ಹೊರಗಿನ ಸಣ್ಣ ಕೋರ್ಟ್‌ಗಳಲ್ಲಿ ಇಡೀ ದಿನ ಅಡ್ಡಾಡಬಹುದು. ಡಬಲ್ಸ್‌ನ, ಅಂದರೆ ಇಬ್ಬಿಬ್ಬರು ಜೋಡಿಯಾಗಿ ಆಡುವ ಆಟದ, ಮೊದಲ ಸುತ್ತುಗಳು ಹೆಚ್ಚಾಗಿ ಅಲ್ಲೇ. ಬಂದ ಹೊಸದರಲ್ಲಿ ಒಂದು ವರ್ಷ ಉರಿ ಬಿಸಿಲಲ್ಲಿ ಅಂಥ ಒಂದು ಬೆಂಚಿನ ಮೇಲೆ ಕೂತಿದ್ದೆ. ಸುತ್ತ ಹೆಚ್ಚೆಂದರೆ ಅರವತ್ತು ಜನ. ಬೋಪಣ್ಣ ನನ್ನಿಂದ ಏಳೆಂಟು ಹೆಜ್ಜೆ ದೂರದಲ್ಲಿದ್ದರು. ನೆಟ್ ಹತ್ತಿರ ನಿಂತವನು ಬೆನ್ನ ಹಿಂದೆ ಬೆರಳು ಮಡಚಿ ಸನ್ನೆ ಮಾಡುತ್ತಾನೆ, ಹಿಂದಿನವನು ಅದನ್ನು ನೋಡಿ "ಸರಿ" ಅಂತ ಒಂದೇ ಮಾತು ಹೇಳಿ ಚೆಂಡು ಎಸೆಯುತ್ತಾನೆ. ಟಿವಿಯಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ಪಾಯಿಂಟ್ ಮುಗಿದ ಮೇಲೆ ಬೋಪಣ್ಣ ಬಗ್ಗಿ ಮಂಡಿಯ ಮೇಲೆ ಕೈ ಊರುತ್ತಿದ್ದರು, ಮತ್ತೆ ನಿಧಾನವಾಗಿ ಏಳುತ್ತಿದ್ದರು. ಆ ಮಂಡಿಗಳಲ್ಲಿ ಮೂಳೆಗಳ ನಡುವಿನ ಮೆತ್ತೆ ಪೂರ್ತಿ ಸವೆದುಹೋಗಿದೆ ಅಂತ ಅವರೇ ಆಮೇಲೆ ಹೇಳಿದ್ದು ಓದಿದಾಗ ನನಗೆ ಆ ಮಧ್ಯಾಹ್ನ ನೆನಪಾಯಿತು.

ಡಬಲ್ಸ್ ಆಡುವವರ ಬದುಕೇ ಹಾಗೆ. ಊರೂರು ಸುತ್ತಾಟ ಅಷ್ಟೇ ಇರುತ್ತದೆ, ನೋಡುವವರು ಕಡಿಮೆ, ದುಡ್ಡೂ ಕಡಿಮೆ. 2024ರಲ್ಲಿ ಇಲ್ಲಿ ಸಿಂಗಲ್ಸ್ ಗೆದ್ದವರಿಗೆ 31,50,000 ಆಸ್ಟ್ರೇಲಿಯನ್ ಡಾಲರ್ ಸಿಕ್ಕಿತು, ಡಬಲ್ಸ್ ಗೆದ್ದ ಜೋಡಿಗೆ ಇಬ್ಬರಿಗೂ ಸೇರಿ 7,30,000. ಜೊತೆಗಾರನನ್ನೂ ನೀವೇ ಹುಡುಕಿಕೊಳ್ಳಬೇಕು. ಇವರು ಎಷ್ಟು ಜನರ ಜೊತೆ ಆಡಿದರು! ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ 2010ರ ಯುಎಸ್ ಓಪನ್ ಫೈನಲ್ ತನಕ ಹೋಗಿ ಅಮೆರಿಕದ ಬ್ರಯಾನ್ ಸಹೋದರರಿಗೆ ಎರಡೂ ಸೆಟ್ ಟೈಬ್ರೇಕ್‌ನಲ್ಲಿ, ಅಂದರೆ 6-6 ಸಮವಾದಾಗ ಆಡುವ ನಿರ್ಣಾಯಕ ಆಟದಲ್ಲಿ, ಸೋತರು. 2017ರಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೋವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಕ್ಸೆಡ್ ಡಬಲ್ಸ್ ಗೆದ್ದರು, ಇನ್ನೊಂದು ಪಾಯಿಂಟ್ ಹೋದರೆ ಸೋಲು ಅನ್ನುವ ಹಂತದಿಂದ ಎರಡು ಸಲ ಪಾರಾಗಿ. ಆಗ ವಯಸ್ಸು 37. ಇನ್ನು ಸಾಕು ಅಂದುಕೊಳ್ಳುವ ವಯಸ್ಸು ಅದು.

2021ರಲ್ಲಿ ಸಾಕು ಅಂತ ಅವರಿಗೂ ಅನ್ನಿಸಿತ್ತು. ಐದು ತಿಂಗಳು ಒಂದೂ ಪಂದ್ಯ ಗೆದ್ದಿರಲಿಲ್ಲ. ಆಟ ಬಿಡ್ತೀನಿ ಅಂತ ಹೆಂಡತಿಗೆ ವಿಡಿಯೋ ಮೆಸೇಜ್ ಕಳಿಸಿದ್ದರಂತೆ. ದೂರದ ಊರಲ್ಲಿ ಒಬ್ಬರೇ ಕೂತು, ವಾಪಸ್ ಬರ್ತೀನಿ ಅಂತ ಫೋನಿನಲ್ಲಿ ಮನೆಗೆ ಹೇಳುವುದು ಎಷ್ಟು ಕಷ್ಟ ಅಂತ ಹೊರನಾಡಿನಲ್ಲಿರುವ ನಮಗೆಲ್ಲ ಗೊತ್ತು, ಅಲ್ವಾ? ನಾನೂ ಮೊದಲ ಚಳಿಗಾಲದಲ್ಲಿ, ಕೆಲಸ ಸಿಗದೆ, ಅಂಥ ಒಂದು ಮೆಸೇಜ್ ಬರೆದು ಕಳಿಸಿದ್ದೆ. ಅವರು ಬಿಡಲಿಲ್ಲ. ಕೋವಿಡ್ ಹೊತ್ತಿನಲ್ಲಿ ಶುರು ಮಾಡಿದ ಅಯ್ಯಂಗಾರ್ ಯೋಗ ಮಂಡಿಗೆ ಆಸರೆಯಾಯಿತು. 2023ರಿಂದ ಮ್ಯಾಥ್ಯೂ ಎಬ್ಡೆನ್ ಜೊತೆಯಾದರು. ಎಬ್ಡೆನ್ ಕೂಡ ಹೊರಗಿನಿಂದ ಇಲ್ಲಿಗೆ ಬಂದವರೇ, ಡರ್ಬನ್‌ನಲ್ಲಿ ಹುಟ್ಟಿ ಆಸ್ಟ್ರೇಲಿಯಾದವರಾದವರು.

ಇನ್ನು ಆ ರಾತ್ರಿ. 2024ರ ಜನವರಿ 25ರಂದು ಅವರು ಸೆಮಿಫೈನಲ್ ಗೆದ್ದರು, ಅವತ್ತೇ ಪದ್ಮಶ್ರೀ ಪಟ್ಟಿಯಲ್ಲೂ ಹೆಸರು ಬಂತು. 27ರ ಶನಿವಾರ ರಾಡ್ ಲೇವರ್‌ನಲ್ಲಿ ಮಹಿಳೆಯರ ಫೈನಲ್ ಮುಗಿದ ಮೇಲೆ ಇವರ ಫೈನಲ್. ತುಂಬಾ ಜನ ಎದ್ದು ಹೊರಟರು, ಕಡೆಯ ಟ್ರೇನ್ ನೋಡಿಕೊಳ್ಳಬೇಕಲ್ಲ. ನಾವು ಮೇಲಿನ ಸಾಲಿನಲ್ಲಿದ್ದವರು ಅಲುಗಲಿಲ್ಲ. ಇಟಲಿಯ ಬೊಲೆಲ್ಲಿ ಮತ್ತು ವವಸ್ಸೋರಿ ಎದುರು ಮೊದಲ ಸೆಟ್ ಟೈಬ್ರೇಕ್‌ಗೆ ಹೋಯಿತು. ಅದು 7-0! ಒಂದೂ ಪಾಯಿಂಟ್ ಬಿಡಲಿಲ್ಲ. ಎರಡನೇ ಸೆಟ್ 7-5. ಕೊನೆಯ ಪಾಯಿಂಟ್ ಬಿದ್ದಾಗ ನನ್ನ ಮುಂದಿನ ಸಾಲಿನಲ್ಲಿದ್ದ ಅಜ್ಜ ಒಬ್ಬರು, ಯಾವ ಊರಿನವರೋ ಗೊತ್ತಿಲ್ಲ, ತಿರುಗಿ ನನ್ನ ಕೈ ಕುಲುಕಿದರು. ನನಗೆ ಮಾತೇ ಹೊರಡಲಿಲ್ಲ. ಗೆಲುವಿನ ನಂತರದ ಮಾತಿನಲ್ಲಿ ಬೋಪಣ್ಣ ಒಂದೂ ಪಂದ್ಯ ಗೆಲ್ಲದ ಆ ಐದು ತಿಂಗಳನ್ನು ನೆನೆದರು. ತನ್ನದು 43ನೇ ವಯಸ್ಸಲ್ಲ, 43ನೇ ಲೆವೆಲ್ ಅಂತ ಹೇಳುತ್ತಿದ್ದುದೂ ಆ ದಿನಗಳಲ್ಲೇ. ಎರಡು ದಿನದ ಮೇಲೆ ಡಬಲ್ಸ್‌ನಲ್ಲಿ ಜಗತ್ತಿನ ನಂಬರ್ ಒನ್, ಮೊದಲ ಸಲ ಆ ಜಾಗಕ್ಕೆ ಏರಿದವರಲ್ಲಿ ಎಲ್ಲರಿಗಿಂತ ಹಿರಿಯರು.

ಇಲ್ಲಿ ರಾತ್ರಿ ತುಂಬಾ ತಡವಾಗಿತ್ತು, ಊರಲ್ಲಿ ಇನ್ನೂ ಸಂಜೆ. ರಿಚ್ಮಂಡ್ ಸ್ಟೇಷನ್‌ಗೆ ನಡೆಯುತ್ತಾ ಅಮ್ಮನಿಗೆ ಫೋನ್ ಮಾಡಿದೆ. ಅವರ ಕಡೆಯಿಂದ ಪಟಾಕಿ ಸದ್ದು ಕೇಳುತ್ತಿತ್ತು.

ಬೋಪಣ್ಣ ಅವರ ಕೊನೆಯ ಪಂದ್ಯ ಪ್ಯಾರಿಸ್ ಮಾಸ್ಟರ್ಸ್‌ನಲ್ಲಿ, ಕಜಕಸ್ತಾನದ ಬುಬ್ಲಿಕ್ ಜೊತೆಗಾರ. ಮೊದಲ ಸುತ್ತಿನಲ್ಲೇ ಸೋತರು, ಕೊನೆಯ ಟೈಬ್ರೇಕ್ 10-8. ಎದುರಿಗಿದ್ದ ಇಬ್ಬರಲ್ಲಿ ಒಬ್ಬರು ಜಾನ್ ಪಿಯರ್ಸ್, ಮೆಲ್ಬರ್ನ್‌ನವರೇ. 45 ವರ್ಷದಲ್ಲೂ ಎರಡು ಪಾಯಿಂಟ್ ಅಂತರದ ಸೋಲು. ಆ ಸ್ಕೋರ್ ನನಗೆ ತುಂಬಾ ಇಷ್ಟ.

ರಾಜ್ಯೋತ್ಸವದ ಊಟ ಮುಗಿದ ಮೇಲೆ ಮತ್ತೆ ಅಮ್ಮನಿಗೆ ಫೋನ್ ಹಚ್ಚಿದೆ. ಸುದ್ದಿ ಆಗಲೇ ಗೊತ್ತಿತ್ತು.

"ಹಂಗಾದ್ರೆ ಇನ್ನು ಊರಲ್ಲೇ ಇರ್ತಾನಾ?" ಅಂದರು.

"ಬೆಂಗಳೂರಲ್ಲಿ ಅಕಾಡೆಮಿ ಇದೆಯಲ್ಲಮ್ಮ, ಮಕ್ಕಳಿಗೆ ಕಲಿಸ್ತಾರೆ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬರ್ಲಿ ಬಿಡು," ಅಂದರು, "ತೋಟದಲ್ಲಿ ಈಗ ಹಣ್ಣು ಕೆಂಪಾಗ್ತಾ ಇದೆ." ಆಮೇಲೆ ನನ್ನನ್ನು ಕೇಳಿದರು, "ನೀನು ಯಾವಾಗ ಬರ್ತೀಯಾ?"

ಜನವರಿಗೆ ಟಿಕೆಟ್ ನೋಡ್ತಾ ಇದ್ದೀನಿ.